ನೇರ ಮಾಡುವಾಗ ಹಾರಿಹೋದ ಗುಡಿಸು

ನಾನು ಜಯನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಸ್ಕೇಲಿಲ್ಲದೆ ನೇರ ಗೆರೆ ಎಳೆಯಬಲ್ಲವನೆಂದು ನನಗೆ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನು ನಾನೇ ಎಂಬುದು ಬೇರೆ ಮಾತು. ಆದ್ದರಿಂದ, ಸೊಟ್ಟ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೇರ ಮಾಡುವ ಕೆಲಸವೊಂದು ನಮ್ಮ ಮಹಡಿಯಿಂದಲೇ ಇಳಿದು ಬಂದಾಗ, ಅದು ಯೋಗ್ಯ ವ್ಯಕ್ತಿಯನ್ನು ಹುಡುಕಿಕೊಂಡೇ ಬಂದಿದೆ ಎಂದು ಭಾವಿಸಿದೆ.

ತಂದವನು ಈರಣ್ಣ. ಬಾಗಲಕೋಟೆ ಕಡೆಯವನು, ಬಿಟಿಎಂ ಬಡಾವಣೆಯ ನಮ್ಮ ಮನೆಯ ಮೇಲೆ ಬಾಡಿಗೆಗಿದ್ದ. ಅವನ ಕಚೇರಿಯಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುತ್ತಿದ್ದರು. ಆಗ ಯಾವುದೋ ಹೊರದೇಶದವರಿಗಾಗಿ ಮಾಡುತ್ತಿದ್ದ ಆಟದಲ್ಲಿ ಕಾರೊಂದು ನಮ್ಮ ಕಡೆಯ ಕಿರಾಣಿ ಅಂಗಡಿಗೆ ನುಗ್ಗಬೇಕು, ಡಬ್ಬಿಗಳೆಲ್ಲ ಹಾರಬೇಕು. ಆಟದೊಳಗಿನ ಡಬ್ಬಿ ಎಂದರೆ ಬರೀ ಬೋಳು ಪೆಟ್ಟಿಗೆ. ನಿಜವಾದ ಡಬ್ಬಿಯ ಫೋಟೋ ತೆಗೆದು, ಪುಸ್ತಕಕ್ಕೆ ಬೈಂಡು ಹಾಕಿದಂತೆ ಅದರ ಮೈಗೆ ಅಂಟಿಸಬೇಕು. ಆ ಹೊದಿಕೆಗೆ ಟೆಕ್ಸ್ಚರ್ ಎಂದು ಹೆಸರು. ಎದುರಿನಿಂದ ಫೋಟೋ ತೆಗೆದರೆ ಫ್ಲ್ಯಾಶಿನ ಬೆಳಕು ನಡುವೆ ಬಿಳಿ ಮಚ್ಚೆಯಾಗಿ ಕೂರುತ್ತದೆ, ಆದ್ದರಿಂದ ಓರೆಯಿಂದ ತೆಗೆಯಬೇಕು. ಓರೆಯಿಂದ ತೆಗೆದದ್ದನ್ನು ಆಮೇಲೆ ನೆಟ್ಟಗೆ ಮಾಡಬೇಕು.

ದೊಡ್ಡ ಕಂಪನಿಗಳ ಡಬ್ಬಿ ತೋರಿಸಿದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂದು ಈರಣ್ಣನ ಭಯ. ನಾನು ಒಳಗೆ ಹೋಗಿ ನನ್ನ ಹೆಂಡತಿ ವಿಶಾಲುವಿನ ಹುಳಿಪುಡಿಯ ಡಬ್ಬಿ ತಂದಿಟ್ಟೆ.

ಇಲ್ಲಿ ವಿಶಾಲುವಿನ ವಿಷಯ ಹೇಳಬೇಕು. ಅವಳ ಹುಳಿಪುಡಿಗೆ ನಮ್ಮ ಬೀದಿಯಲ್ಲಿ ಗಿರಾಕಿಗಳಿದ್ದರು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ಅದನ್ನು ಇಡಿಸಬೇಕೆಂಬುದು ಅವಳ ಬಹುದಿನದ ಆಸೆ. ಯಾವ ಪುಡಿಯೆಂದು ಸರಿಯಾಗಿ ಕೇಳಿಸಿಕೊಳ್ಳದೆಯೇ ಅಂಗಡಿಯವರು ಕೊನೆಗೂ ಒಪ್ಪಿದ್ದರು. ಒಂದು ಸಲ ಇಟ್ಟು ನೋಡುತ್ತೇವೆ, ಹೋಗದಿದ್ದರೆ ಆ ಜಾಗ ಬೇರೆಯವರಿಗೆ, ಮತ್ತು ಲೇಬಲ್ಲು ಪ್ರಿಂಟ್ ಆಗಿರಬೇಕು ಎಂದು ಷರತ್ತು. ಅಲ್ಲಿಯವರೆಗೆ ಪ್ರತಿ ಡಬ್ಬಿಯ ಲೇಬಲನ್ನೂ ಕೈಯಾರೆ ಬರೆಯುತ್ತಿದ್ದವನು ನಾನು. ಮೇಲಿನ ಸಾಲಿನಲ್ಲಿ ದಪ್ಪಗೆ ‘ಹುಳಿ’, ಕೆಳಗೆ ‘ಪುಡಿ’. ‘ಳಿ’ಯ ಗುಡಿಸನ್ನು ದೇವಸ್ಥಾನದ ಕಳಶದಂತೆ ಡಬ್ಬಿಯ ಅಂಚಿನವರೆಗೂ ಎತ್ತಿ ಬರೆಯುವುದು ನನ್ನ ಶೈಲಿ. ಅದನ್ನು ಯಾರೂ ಕೇಳಿರಲಿಲ್ಲ.

ಈರಣ್ಣ ಮೌಸು ಹಿಡಿಸಿ ಹೇಳಿಕೊಟ್ಟ. “ನಾಲ್ಕ ಮೂಲಿಗೆ ನಾಲ್ಕ ಚುಕ್ಕಿ ಇಡ್ರಿ ಸರ್, ಗುಂಡಿ ಒತ್ರಿ, ಡಬ್ಬಿ ತಾನ ನೆಟ್ಟಗ ಬರ್ತೈತ್ರಿ. ಚುಕ್ಕಿ ಮಾತ್ರ ಅಂಚಿಗಿಂತ ಸ್ವಲ್ಪ ಒಳಗ ಇರ್ಲಿ, ಇಲ್ಲಂದ್ರ ಹಿಂದಿನ ಗ್ವಾಡಿನೂ ಬರ್ತೈತಿ.”

ಮೊದಲ ಯತ್ನದಲ್ಲಿ ಉದ್ದನೆಯ ಡಬ್ಬಿ ಬಿಸ್ಕತ್ತಿನ ಪೊಟ್ಟಣದಂತೆ ಚಪ್ಪಟೆಯಾಯಿತು. ಎರಡನೆಯದರಲ್ಲಿ ನಮ್ಮ ಗೋಡೆಯ ಸುಣ್ಣ ಬಂತು. ಇದರಿಂದ ನನ್ನ ವೃತ್ತಿಗೌರವಕ್ಕೆ ಪೆಟ್ಟಾಗಿ, ಮೂರನೆಯ ಸಲ ಗೋಡೆ ನುಸುಳಲು ಸಾಧ್ಯವೇ ಇಲ್ಲದಷ್ಟು ಒಳಗೆ ಚುಕ್ಕಿಗಳನ್ನು ಇಟ್ಟೆ. ಗುಂಡಿ ಒತ್ತಿದೆ. ಡಬ್ಬಿಯ ಮೋರೆ ಅಟೆನ್ಷನ್ನಿನಲ್ಲಿ ನಿಂತ ಪೊಲೀಸಿನವನಂತೆ ನೆಟ್ಟಗೆ ನಿಂತಿತು!

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಓರೆ ಕಂಡದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೇರ ಮಾಡುವ ಚಪಲ. ನಮ್ಮ ಮದುವೆಯ ಫೋಟೋವನ್ನೂ ನೇರ ಮಾಡಿದೆ. ಅಂಚಿನಲ್ಲಿ ನಿಂತಿದ್ದ ವಿಶಾಲುವಿನ ಅಣ್ಣ ಒಂದೇ ಏಟಿಗೆ ಬಾಗಿಲಿನಷ್ಟು ಅಗಲವಾದರು. ಅವಳು ಎರಡು ದಿನ ಮಾತು ಬಿಟ್ಟಳು.

ಅವಳನ್ನು ಸಮಾಧಾನಪಡಿಸಲೆಂದೇ ನಾನು ಆ ಮಹಾ ಉಪಾಯವನ್ನು ಹೂಡಿದ್ದು. ನೇರವಾದ ಲೇಬಲ್ಲಿನ ಚಿತ್ರ ಕೈಯಲ್ಲೇ ಇರುವಾಗ ಬೇರೆ ಏಕೆ ಬರೆಸಬೇಕು? ಸೀಡಿಗೆ ಹಾಕಿ ಜೆ.ಪಿ. ನಗರದ ಪ್ರೆಸ್ಸಿಗೆ ಕೊಟ್ಟೆ. ಅಚ್ಚಾಗಿ ಬಂದದ್ದನ್ನು ಇಬ್ಬರೂ ಕೂತು ಅಂಟಿಸಿದೆವು. ಅವಳು ಅಂಟನ್ನು ನೋಡುತ್ತಿದ್ದಳು, ನಾನು ಅಂಚನ್ನು. ಏನು ಬರೆದಿದೆ ಎಂದು ಬರೆದವನಿಗೆ ಗೊತ್ತೇ ಇತ್ತಲ್ಲ, ಓದುವುದೇಕೆ?

ಡಬ್ಬಿಗಳು ಅಂಗಡಿ ಸೇರಿದ ಮೇಲೆ ವಿಶಾಲುವಿಗೆ ನಿದ್ದೆಯಿಲ್ಲ, ಆದ್ದರಿಂದ ನನಗೂ ಇಲ್ಲ. ವಾರ ತುಂಬುವ ಮೊದಲೇ ಬಸ್ಸು ಹತ್ತಿ ಹೋದೆವು. ಅಂಗಡಿಯವರು ನಮ್ಮನ್ನು ಕಂಡವರೇ ನಕ್ಕರು.

“ಬನ್ನಿ ಮೇಡಂ, ಸಖತ್ತಾಗಿ ಹೋಗ್ತಿದೆ ನಿಮ್ ಪುಡಿ. ಮೂಲೆ ಮೂಲೆಗೂ ಬೇಕು ಅಂತ ಎರಡೆರಡು ಡಬ್ಬಿ ಒಯ್ತಾರೆ.”

ನಾಡಿನ ಮೂಲೆ ಮೂಲೆಗೂ ಎಂದು ನಾನು ಅರ್ಥ ಮಾಡಿಕೊಂಡು, ಕೃತಜ್ಞತೆಯ ಎರಡು ಮಾತನ್ನು ಸಿದ್ಧಪಡಿಸಿಕೊಂಡೆ. ವಿಶಾಲು ಮೆಣಸಿನಪುಡಿ, ಧನಿಯಾಪುಡಿಗಳ ಸಾಲನ್ನೆಲ್ಲ ಹುಡುಕಿದಳು. ಅವಳ ಡಬ್ಬಿ ಇರಲಿಲ್ಲ. ಅಂಗಡಿಯವರು ಕೆಳಗೆ ಕೈ ತೋರಿಸಿದರು. ಫಿನಾಯಿಲು, ನುಸಿಗುಳಿಗೆ, ಅವುಗಳ ಪಕ್ಕದಲ್ಲಿ ನಮ್ಮ ಡಬ್ಬಿಗಳು, ಅತ್ಯಂತ ನೇರವಾಗಿ.

ಅಷ್ಟರಲ್ಲಿ ಹೆಂಗಸೊಬ್ಬರು ಬಂದು ಅಂಗಡಿಯವರನ್ನು ತರಾಟೆಗೆ ತೆಗೆದುಕೊಂಡರು. “ಏನ್ರೀ ಇದು, ಸಿಂಕ್ ಕೆಳಗೆಲ್ಲಾ ಉದುರಿಸಿದೀನಿ, ಒಂದು ಜಿರಲೆನೂ ಸತ್ತಿಲ್ಲ. ನೆಂಟರನ್ನ ಬೇರೆ ಕರ್ಕೊಂಡ್ ಬರ್ತಿವೆ. ನಮ್ಮನೆಯವ್ರು ಮೂಗೆಳೆದು, ಇವತ್ತು ಹುಳಿ ಮಾಡಿದೀಯಾ ಅಂತ ಕೇಳ್ತಾರೆ.”

ವಿಶಾಲು ಒಂದು ಡಬ್ಬಿ ಎತ್ತಿಕೊಂಡು ಒಂದನೇ ಕ್ಲಾಸಿನ ಮಗುವಿನಂತೆ ಓದಿದಳು. ಹು. ಳ. ಪು. ಡಿ. ಇನ್ನೊಂದು ಎತ್ತಿಕೊಂಡಳು. ಅದೂ ಹುಳ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ ಕೇಳಿದಳು.

“ರೀ, ನನ್ನ ಗುಡಿಸು ಎಲ್ಲಿ?”

ಗುಡಿಸು ನನ್ನ ನಾಲ್ಕು ಚುಕ್ಕಿಗಳ ಆಚೆ, ಗೋಡೆಯ ಸುಣ್ಣದ ಜೊತೆಗೆ ಹೋಗಿತ್ತು. ಅಂಚಿನವರೆಗೆ ಎತ್ತಿ ಬರೆದವನೂ ನಾನೇ, ಅಂಚನ್ನು ಕತ್ತರಿಸಿದವನೂ ನಾನೇ. ಸಿದ್ಧಪಡಿಸಿದ್ದ ಕೃತಜ್ಞತೆಯ ಮಾತುಗಳನ್ನು ನುಂಗಿಕೊಂಡೆ.

ಅಂಗಡಿಯವರು ಒಳ್ಳೆಯವರು. ಜಿರಲೆಗೆ ರುಚಿಸಿದ್ದು ಮನುಷ್ಯರಿಗೆ ರುಚಿಸದೇ ಇರುವುದಿಲ್ಲ ಎಂದು, ಸರಿಮಾಡಿ ತಂದರೆ ಮೆಣಸಿನಪುಡಿಯ ಪಕ್ಕದಲ್ಲೇ ಜಾಗ ಕೊಡುತ್ತೇನೆಂದರು. ಗುಡಿಸನ್ನು ಪೆನ್ನಿನಲ್ಲಿ ಬರೆದರೂ ಆದೀತು, ಆದರೆ ಮೇಡಂ ಅವರೇ ಬರೆಯಲಿ ಎಂಬುದು ಹೊಸ ಷರತ್ತು.

ಸಂಜೆ ಈರಣ್ಣನನ್ನು ವಿಚಾರಿಸಿದೆ. ಅವನು ಕನ್ನಡ ಓದಬಲ್ಲವನು, ಹೇಳಬಹುದಿತ್ತಲ್ಲ?

“ನೀವು ನೆಟ್ಟಗ ಮಾಡಿದ್ದನ್ನಷ್ಟ ಓದಿ, ಹುಳಕ್ಕ ಹಾಕೋ ಪುಡಿ ಅಂತ ತಿಳ್ಕೊಂಡಿದ್ದೆ ರೀ ಸರ್. ನಮ್ಮ ಕಡಿ ಇದಕ್ಕ ಸಾಂಬಾರ ಪುಡಿ ಅಂತಾರ್ರಿ. ಆಟದಾಗೂ ಫಿನಾಯಿಲ್ ಬಾಜೂಕ ಇಟ್ಟೀನಿ. ಅವ್ರು ನೋಡಿ, ಭಾಳ ನೆಟ್ಟಗೈತಿ ಅಂದ್ರು.”

ಹೊರದೇಶದವರು ಒಪ್ಪಿಯಾಗಿತ್ತು. ಇನ್ನು ಬದಲಿಸುವಂತಿರಲಿಲ್ಲ. ಹಾಗಾಗಿ ವಿಶಾಲುವಿನ ಹುಳಿಪುಡಿ ಆ ಆಟದಲ್ಲಿ ಕಾರು ಗುದ್ದಿದಾಗಲೆಲ್ಲ ಹುಳಪುಡಿಯಾಗಿಯೇ ಹಾರುತ್ತದೆ.

ಆ ರಾತ್ರಿ ನಡುಮನೆಯಲ್ಲಿ ಡಬ್ಬಿಗಳನ್ನೆಲ್ಲ ಹರಡಿಕೊಂಡು, ವಿಶಾಲು ದಪ್ಪ ಪೆನ್ನಿನಿಂದ ಒಂದೊಂದಕ್ಕೂ ಗುಡಿಸು ಹಾಕತೊಡಗಿದಳು. ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ. ನನ್ನ ಕೈ ತುರಿಸುತ್ತಿತ್ತು. ನನಗೆ ಒಪ್ಪಿಸಿದ್ದ ಕೆಲಸ, ಅವಳು ಬರೆಯುವಾಗ ಡಬ್ಬಿ ಅಲ್ಲಾಡದಂತೆ ಹಿಡಿದುಕೊಳ್ಳುವುದು.

ಅವಳು ತಲೆ ಎತ್ತದೆ ಹೇಳಿದಳು.

“ಸೊಟ್ಟ ಹಿಡ್ದಿದೀರ.”