ಅಮಾವಾಸ್ಯೆಗೆ ನಿಂತುಬಿಟ್ಟ ಮಣ್ಣೆತ್ತು

ತಾಳ್ಮೆಯ ಕೆಲಸಕ್ಕೆ ಕೈಹಾಕುವವರೆಲ್ಲ ತಾಳ್ಮೆಯವರೆಂದು ತಿಳಿಯಬೇಡಿ. ಇಂಡಿ ಬಸ್ಸು ಸ್ವಲ್ಪ ತಡವಾದರೆ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರ ಮೇಲೆ ಹರಿಹಾಯುವ ಮನುಷ್ಯ ನಾನು. ಅಂಥವನು, ಗೊಂಬೆಯನ್ನು ಎಳ್ಳಷ್ಟು ಸರಿಸಿ ಫೋಟೋ ತೆಗೆಯುವುದು, ಮತ್ತೆ ಎಳ್ಳಷ್ಟು ಸರಿಸುವುದು, ಕೊನೆಗೆ ಎಲ್ಲ ಫೋಟೋ ಜೋಡಿಸಿ ಗೊಂಬೆ ತಾನೇ ನಡೆದಂತೆ ತೋರಿಸುವುದು, ಈ ಚಟಕ್ಕೆ ಬಿದ್ದೆ. ಇದಕ್ಕೆ ಸ್ಟಾಪ್ ಮೋಷನ್ ಎನ್ನುತ್ತಾರೆ. ನನ್ನದರಲ್ಲಿ ಸ್ಟಾಪೇ ಜಾಸ್ತಿ.

ಮೊದಲ ಚಿತ್ರ ಬದನೆಕಾಯಿಗಳ ಪ್ರೇಮಕಥೆ. ಮದುವೆಯ ದೃಶ್ಯಕ್ಕೆ ಬರುವಷ್ಟರಲ್ಲಿ ನಾಯಕ ಸುಕ್ಕುಗಟ್ಟಿದ್ದ. ನನ್ನ ಹೆಂಡತಿ ಮಾದೇವಿ ನೋಡಿ, "ಎವ್ವಾ, ಅಕ್ಕಿಕಾಳು ಬೀಳೂದ್ರಾಗ ಮದುಮಗ ಮುದುಕಾದ್ನಲ್ರಿ!" ಎಂದಳು. ನಾಯಕಿಯನ್ನು ಆ ಮಧ್ಯಾಹ್ನ ಎಣ್ಣೆಗಾಯಿಯಲ್ಲಿ ಕಂಡೆ. ರುಚಿಯಾಗಿದ್ದಳು, ಸುಳ್ಳೇಕೆ ಹೇಳಲಿ. ಎರಡನೆಯದು ಬೆಂಕಿಪೊಟ್ಟಣದ ಬಸ್ಸು. ಅದು ಸಾಲೋಟಗಿ ಊರು ದಾಟುವ ಮೊದಲೇ ಮಾದೇವಿ ಎದ್ದು ಹೋಗಿದ್ದಳು. ಮೂರನೆಯದನ್ನಾದರೂ ಯಾರಾದರೂ ಕೊನೆಯವರೆಗೆ ನೋಡಲಿ ಎಂಬುದೊಂದೇ ನನ್ನ ಆಸೆ.

ಮಣ್ಣಿನ ಎತ್ತಿಗೆ ಪೂಜೆ ಮಾಡುವ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿತ್ತು. ಕುಂಬಾರರಿಂದ ಒಂದು ಎತ್ತು, ಅದು ಮೇಯುವ ತೊಟ್ಟಿ ಗ್ವಾದಲಿ, ಎರಡನ್ನೂ ತಂದೆ. ಹಸಿದ ಎತ್ತು ದೂರದಿಂದ ನಡೆದು ಮೇವಿನ ಗ್ವಾದಲಿಗೆ ಬಾಯಿ ಹಾಕುತ್ತದೆ, ಅಷ್ಟೇ ಕಥೆ. ನಾನು ಶಾಲೆಯಲ್ಲಿ ಚಿತ್ರಕಲಾ ಮಾಸ್ತರ. ಅಮಾವಾಸ್ಯೆಯ ಮರುದಿನ ಮಕ್ಕಳಿಗೆ ತೋರಿಸುತ್ತೇನೆಂದು ಸಾರಿಯೂಬಿಟ್ಟಿದ್ದೆ. ಆದರೆ ಅಮಾವಾಸ್ಯೆ ಬೆಳಗಾದರೂ ಎತ್ತು ಗ್ವಾದಲಿಗೆ ಗೇಣುದೂರದಲ್ಲಿತ್ತು. ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಹಣೆಗೆ ಕುಂಕುಮ, ಕೊರಳಿಗೆ ಹೂವು, ಮುಂದೆ ಹೋಳಿಗೆ! ಸರಿಸಲು ಕೈಚಾಚಿದೆ. ಮಾದೇವಿ ಗದರಿದಳು.

"ಅಮಾಸಿ ದಿನಾ ಎತ್ತು ದುಡಸ್ತೀರೇನ್ರಿ?"

"ಮಾರಾಯ್ತಿ, ಅದು ಮಣ್ಣಿಂದೈತಿ!"

"ಮಣ್ಣಿಂದಾದ್ರೇನಾತು? ನಮ್ಮಪ್ಪ ನಮ್ಮೂರು ಕನ್ನೊಳ್ಳ್ಯಾಗ ಅಮಾಸಿ ದಿನಾ ಎತ್ತಿನ ಹೆಗಲಿಗೆ ನೊಗಾ ಇಟ್ಟಾಂವಲ್ಲ."

"ನಾಳೆ ಹುಡುಗರ ಮುಂದ ನನ್ನ ಮಾನಾ ಹೋಗ್ತೈತಿ."

ನನ್ನ ಮುಖ ನೋಡಿ ಅವಳಿಗೆ ಪಾಪ ಎನ್ನಿಸಿರಬೇಕು. "ಎತ್ತು ಮುಟ್ಟಬ್ಯಾಡ್ರಿ. ಗ್ವಾದ್ಲಿ ಸರಸ್ರಿ. ಗ್ವಾದಲಿಗೇನು ಅಮಾಸಿ?"

ಬೇರೆ ದಾರಿಯಿರಲಿಲ್ಲ. ಗ್ವಾದಲಿಯನ್ನೇ ಎಳ್ಳೆಳ್ಳಷ್ಟು ಸರಿಸುತ್ತ ಬಂದೆ. ಮಾದೇವಿ ಪಕ್ಕದಲ್ಲೇ ಕೂತು, "ಇನ್ನೊಂಚೂರು ಈ ಕಡೆ ಬರ್ಲಿ" ಎಂದು ಹುಕುಂ ಕೊಟ್ಟಳು. ಆಗ ನನಗಾದ ಖುಷಿ ದೊಡ್ಡದು.

ಮರುದಿನ ಮಕ್ಕಳು ಕೊನೆಯವರೆಗೂ ಕದಲಲಿಲ್ಲ. ಎತ್ತು ನಡೆದಾಗ ಸುಮ್ಮನಿದ್ದವರು, ಅದಕ್ಕೆ ಇದ್ದಕ್ಕಿದ್ದಂತೆ ಕುಂಕುಮ ಬಂದು, ಗ್ವಾದಲಿಯೇ ತೆವಳುತ್ತ ಎದುರಿಗೆ ಬಂದಾಗ ಬೆಂಚು ಬಡಿದು ಕೇಕೆ ಹಾಕಿದರು. ಆರನೆಯ ಇಯತ್ತೆಯ ಶಬಾನಾ ಎದ್ದು ನಿಂತಳು. "ಸರ್, ಗ್ವಾದ್ಲಿನ ಬರೂದಿತ್ತಂದ್ರ ಎತ್ತು ಅಷ್ಟು ದೂರ ಯಾಕ ನಡೀತ್ರಿ?"

ಅದನ್ನು ನಡೆಸಿ ನಡೆಸಿ ನಡು ಹಿಡಿಸಿಕೊಂಡವನು ನಾನು. "ಕೂಡ್ರವ್ವ" ಎಂದೆ.

ಮನೆಗೆ ಬಂದು ಪಡಸಾಲೆಯಲ್ಲಿ ಕಾಲುಚಾಚಿ ಎಲ್ಲವನ್ನೂ ಬಣ್ಣಿಸಿದೆ. ಮಾದೇವಿ ಒಳಗಿನಿಂದಲೇ ನಕ್ಕಳು. ಮುಂದಿನ ಚಿತ್ರಕ್ಕೆ ನಿರ್ದೇಶಕಿ ನೀನೇ ಎಂದೆ. ಇನ್ನೂ ಜೋರಾಗಿ ನಕ್ಕಳು. ಹಾಗಾದರೆ ನನ್ನ ಊಟದ ತಾಟು ಇಲ್ಲಿಗೇ ಬರಲಿ ಎಂದೆ.

"ನಿಮಗ್ಯಾವ ಅಮಾಸಿರಿ? ಎದ್ದು ನಡೀರಿ!"