ಬಿಸ್ಕತ್ತಿನಿಂದ ತಂಪಾದ ಭೂಮಿ

ಸುದ್ದಿಯಲ್ಲಿ ಸತ್ಯವೆಷ್ಟು, ಸುಳ್ಳೆಷ್ಟು ಎಂಬುದನ್ನು ಮಕ್ಕಳು ತಾವೇ ಅರಿಯತಕ್ಕದ್ದೆಂದು ಶಿಕ್ಷಣ ಇಲಾಖೆಯು ತೀರ್ಮಾನಿಸಿತು. ಅಭ್ಯಾಸಕ್ಕೆ ಹವಾಮಾನ ಬದಲಾವಣೆ ಮತ್ತು ಆಹಾರದ ಆಯ್ಕೆ ಎಂಬ ಎರಡು ವಿಷಯಗಳನ್ನು ಗೊತ್ತುಮಾಡಲಾಯಿತು. ಪುಸ್ತಕ ಅಚ್ಚುಹಾಕಿಸುವ ಖರ್ಚನ್ನು ಒಂದು ಬಿಸ್ಕತ್ತು ಕಂಪನಿ ದೊಡ್ಡ ಮನಸ್ಸು ಮಾಡಿ ವಹಿಸಿಕೊಂಡಿತು.

ವಿಜ್ಞಾನದ ಮೇಡಂ ಹೊಸಬರು. ಅವರ ಕೆಲಸ ಕಾಯಂ ಆಗುವುದು ಈ ಪಾಠದ ಮೇಲೇ ನಿಂತಿತ್ತು. ಹಾಗಾಗಿ ಮೈಮುರಿದು ಕಲಿಸಿದರು: ಏನನ್ನೇ ಓದಿದರೂ, ಇದನ್ನು ಹೇಳಿದವರು ಯಾರು, ಇದರಿಂದ ಲಾಭ ಯಾರಿಗೆ ಎಂದು ಕೇಳಬೇಕು. ಮಕ್ಕಳು ಕಲಿತೂಬಿಟ್ಟರು, ಎಡವಟ್ಟಾದದ್ದು ಅಲ್ಲೇ. ಊಟದ ಕೋಣೆಯ ಗೋಡೆಯಲ್ಲಿ "ನಮ್ಮ ಬಿಸ್ಕತ್ತು ತಿನ್ನಿ, ಭೂಮಿಯನ್ನು ತಂಪಾಗಿಡಿ" ಎಂಬ ಫಲಕವಿತ್ತು. ಎಲ್ಲರೂ ಬಾಯಿಬಡುಕಿ ಎಂದು ಕರೆಯುವ ಹುಡುಗಿ, ತಪಾಸಣೆಗೆ ಬಂದ ಅಧಿಕಾರಿಗಳ ಎದುರಿಗೇ ಅದರ ಬಗ್ಗೆ ಆ ಎರಡೂ ಪ್ರಶ್ನೆ ಕೇಳಿದಳು.

ಅಧಿಕಾರಿಗಳು ಸಿಟ್ಟಾಗಲಿಲ್ಲ. ಮೇಡಂ ಅವರನ್ನು ಪಕ್ಕಕ್ಕೆ ಕರೆದು ಹೇಳಿದರು: "ಪ್ರಶ್ನೆ ಕೇಳೋದು ಕಲಿಸಿದ್ದೀರಿ, ಸಂತೋಷ. ಯಾರನ್ನ ಕೇಳಬಾರದು ಅನ್ನೋ ಪಾಠ ಬಾಕಿ ಇದೆ."

ಬೆನ್ನಿಗೇ ಸುತ್ತೋಲೆ ಬಂತು. ಕಂಪನಿಯ ಮುದ್ರೆಯುಳ್ಳ ಸುದ್ದಿಯನ್ನು ಪರಿಶೀಲಿಸಲಾಗಿದೆ ಎಂದು ಭಾವಿಸತಕ್ಕದ್ದು. ಮುದ್ರೆಯಿಲ್ಲದ್ದನ್ನು ಸುಳ್ಳೆಂದು ಗುರುತಿಸತಕ್ಕದ್ದು. ಸಂಶಯಪಡಲೇಬೇಕೆನ್ನುವ ಮಕ್ಕಳಿಗೆ ಸೂಕ್ತ ಸುಳ್ಳುಗಳನ್ನು ಇಲಾಖೆಯೇ ಉಚಿತವಾಗಿ ಒದಗಿಸುವುದು.

ಮೇಡಂಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಆದರೆ ಕೆಲಸ ಕಾಯಂ ಆಗದವರು ಸಂಕಟವನ್ನು ಮನೆಯಲ್ಲಿ ಪಡಬೇಕು, ಶಾಲೆಯಲ್ಲಿ ಪಾಠ ಮಾಡಬೇಕು. ಮಾಡಿದರು.

ಬಹುಮಾನ ಹಂಚುವ ದಿನ, ಬಿಸಿಲು ವಿಪರೀತವಿದೆ, ಮಧ್ಯಾಹ್ನ ಯಾರೂ ಬಯಲಿಗೆ ಬರಬೇಡಿ ಎಂದು ಹವಾಮಾನ ಕಚೇರಿ ಸಾರಿತು. ಮಕ್ಕಳು ಹುಡುಕಿದರು, ಮುದ್ರೆಯಿರಲಿಲ್ಲ. ಸುಳ್ಳೆಂದು ಒಕ್ಕೊರಲಿನಿಂದ ಗುರುತಿಸಿ ಮೈದಾನದಲ್ಲಿ ಸಾಲಾಗಿ ಕೂತರು. ಶಾಮಿಯಾನದ ನೆರಳಿನಲ್ಲಿದ್ದ ಅಧಿಕಾರಿಗಳು ಭೂಮಿ ತಂಪಾಗುತ್ತಿರುವುದನ್ನು ವಿವರಿಸುತ್ತಿದ್ದಾಗಲೇ ಬಾಯಿಬಡುಕಿ ಕಣ್ಣು ಕತ್ತಲಿಟ್ಟು ಬಿದ್ದಳು. ಮೇಡಂ ಅವಳನ್ನು ಎತ್ತಿಕೊಂಡು ಓಡಿದರು.

ಮರುದಿನ ಮುದ್ರೆಸಹಿತ ಪ್ರಕಟಣೆ ಹೊರಟಿತು: ಸಮಾರಂಭದಲ್ಲಿ ಯಾರೂ ಬಿದ್ದಿರುವುದಿಲ್ಲ. ಅಂದಿನ ಪಾಠಕ್ಕೆ ಅದನ್ನೇ ಕೊಡಲಾಗಿತ್ತು. ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಬಾಯಿಬಡುಕಿ ಎದ್ದು ನಿಂತಳು.

"ಇದು ನಿಜ ಮಿಸ್. ನಾನು ಬೀಳಲಿಲ್ಲ."

"ಮತ್ತೆ ಹಣೆಗೇನಾಯ್ತಮ್ಮ?" ಮೇಡಂ ಬಾಯಿತಪ್ಪಿ ಕೇಳಿದರು.

ಹುಡುಗಿ ಗಾಯ ಮುಟ್ಟಿ ನೋಡಿಕೊಂಡಳು. "ಇದಕ್ಕೆ ಮುದ್ರೆ ಇಲ್ಲ ಮಿಸ್."

ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಮೇಡಂ ಪೂರ್ತಿ ಅಂಕ ಕೊಟ್ಟರು. ಸಂಜೆಯೊಳಗೆ ಅವರ ಕೆಲಸ ಕಾಯಂ ಆಯಿತು.