ಪಕಾರ ಹಕಾರವಾದದ್ದು, ನಾನು ಹೈರಾಣಾದದ್ದು

ಉಳಿದವರು ಪಿಎಚ್‌ಡಿ ಮಾಡುವಾಗ ಹೆಚ್ಚೆಂದರೆ ತಲೆಗೂದಲು ಉದುರುತ್ತದೆ. ನನಗೆ ಮಾತ್ರ ಹೋದ ಹೋದಲ್ಲೆಲ್ಲ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ಯಾವ ಗಳಿಗೆಯಲ್ಲಿ ಈ ವಿಷಯ ಆರಿಸಿಕೊಂಡೆನೋ ಆ ದೇವರೇ ಬಲ್ಲ.

ಜಮಖಂಡಿಯ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಭಾಷೆಯ ಧ್ವನಿಗಳು ಕಾಲಕಾಲಕ್ಕೆ ಹೇಗೆ ಬದಲಾಗುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ನಮ್ಮ ಕಡೆ ಮನೆ ಮನಿಯಾಯಿತು. ಜರ್ಮನಿಯ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲೇ ಪುಸ್ತಕಗಳ ನಡುವೆ ಕೂತು, ಧ್ವನಿನಿಯಮಕ್ಕೆ ಅಪವಾದವೇ ಇಲ್ಲ ಎಂದು ಸಾರಿ ನಿಶ್ಚಿಂತರಾದರು. ಫ್ರಾನ್ಸಿನಲ್ಲೊಬ್ಬ ಸೈಕಲ್ ಹತ್ತಿ ಊರೂರು ತಿರುಗಿ ಜನರ ಉಚ್ಚಾರ ಬರೆದುಕೊಂಡನಂತೆ. ಅವನಿಗೆ ಯಾರು ಯಾರು ಏನೇನು ಕಾಟ ಕೊಟ್ಟರು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬರೆದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ನನ್ನ ಗೈಡ್ ಖಡಕ್ ಮನುಷ್ಯ. ಎರಡು ಸಲ ಅವಧಿ ಹೆಚ್ಚಿಸಿಕೊಟ್ಟ ಮೇಲೆ ಕಡೆಯ ಮಾತು ಹೇಳಿಬಿಟ್ಟರು: "ಈ ತಿಂಗಳ ಕೊನೆಗೆ ಹಿರಿಯರು ಸಹಜವಾಗಿ ಆಡಿದ ಮಾತಿನ ಧ್ವನಿಮುದ್ರಣ ನನ್ನ ಮೇಜಿನ ಮೇಲೆ ಇರಬೇಕು. ಇಲ್ಲದಿದ್ದರೆ ನಿಮ್ಮ ನೋಂದಣಿ ರದ್ದು." ಐದು ವರ್ಷದ ದುಡಿಮೆ ನೀರಿನಲ್ಲಿ ಹೋಗುವುದರಲ್ಲಿತ್ತು. ಫೋನು ಹಿಡಿದು ಊರೂರು ಅಲೆಯತೊಡಗಿದೆ.

ಗೋಡೆಗೆ ಮುಖ

ರಬಕವಿಯಲ್ಲಿ ಒಬ್ಬ ನೇಕಾರರ ಮನೆಯ ಅಜ್ಜಿ ಸಿಕ್ಕಳು. ಎಂಬತ್ತು ದಾಟಿದವಳು, ಊರು ಬಿಟ್ಟು ಹೋದವಳಲ್ಲ, ಬಾಯಲ್ಲಿ ಎಲ್ಲ ಹಲ್ಲೂ ಇವೆ. ಇಂಥವರು ಸಿಗುವುದು ಪುಣ್ಯ. ನನ್ನ ಬಳಿ ನೂರು ಪದಗಳ ಪಟ್ಟಿ ಇತ್ತು. ವಸ್ತು ತೋರಿಸುವುದು, ಅವರು ಹೆಸರು ಹೇಳುವುದು, ಇಷ್ಟೇ. ಹಾಲು ಹೇಳಿದಳು, ನೀರು ಹೇಳಿದಳು. ಅಂಗಳದಲ್ಲಿದ್ದ ಕಲ್ಲು ತೋರಿಸಿದೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಇದಕ್ಕೇನಂತೀ ಯವ್ವಾ?"

"ಗಟ್ಟಿ ಇರ್ತೈತೆಲಾ, ಅದು."

ಒಳಗಿನಿಂದ ಸೊಸೆ ಕೂಗಿದಳು: "ಅದು ನಮ್ಮ ಮಾವನವರ ಹೆಸರಿನಾಗ ಬರ್ತೈತ್ರಿ! ಅತ್ತಿ ಒಟ್ಟ ಅನ್ನಂಗಿಲ್ಲ!"

ಕಲ್ಲಪ್ಪನವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೂ ಹೆಸರು ಹೆಸರೇ. ಅಜ್ಜಿಗೆ ನನ್ನ ಸಂಕಟವನ್ನೆಲ್ಲ ತೋಡಿಕೊಂಡೆ, ನೋಂದಣಿ ರದ್ದಾಗುವ ಮಾತೂ ಹೇಳಿದೆ. ಅವಳ ಮನಸ್ಸು ಕರಗಿತು. ಗೋಡೆಯ ಮೇಲಿನ ಗಂಡನ ಫೋಟೋ ನೋಡಿ ಮೆಲ್ಲಗೆ ಅಂದಳು: "ಅನ್ನತೇನಿ. ಮದ್ಲ ಅವರ ಮಾರಿ ಆ ಕಡೆ ಹೊಳ್ಳಿಸು."

ನಾನು ಸ್ಟೂಲು ಹತ್ತಿ, ಮಾಲೆ ಸರಿಸಿ, ಫೋಟೋ ಗೋಡೆಗೆ ಮುಖ ಮಾಡಿ ತಿರುಗಿಸುವುದಕ್ಕೂ ಮಗ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಸ್ಟೂಲಿನ ಮೇಲೆ ಅಪರಿಚಿತ, ಕೈಯಲ್ಲಿ ಅವನ ತಂದೆ. ನಾನು ಸಹಾಯಕ್ಕೆ ಅಜ್ಜಿಯ ಕಡೆ ನೋಡಿದೆ. ಅವಳು ಬಾಯಿ ಬಿಡಲಿಲ್ಲ. ವಿವರಿಸಬೇಕೆಂದರೆ ಮತ್ತೆ ಅದೇ ಹೆಸರು ಬರುತ್ತದಲ್ಲ.

ಮಗ ಬಹಳ ಸಭ್ಯ ಮನುಷ್ಯ. ಕೈ ಮುಗಿದು ಕೇಳಿದ: "ನಮ್ಮಪ್ಪ ನಿಮಗೇನ ಅನ್ಯಾಯ ಮಾಡಿದ್ದರ್ರೀ?"

ಒಂದು ತಾಸು

ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಒಬ್ಬ ಹಿರಿಯ ಕೆಲಸಗಾರರಿದ್ದರು. ಮಗ್ಗ ನಿಲ್ಲಿಸಲು ಆಗುವುದಿಲ್ಲ, ಹಾಗೇ ಕೇಳಿ ಎಂದರು. ನಾನು ಗಂಟಲು ಹರಿದುಕೊಂಡು ಒಂದೊಂದೇ ಪ್ರಶ್ನೆ ಕೇಳಿದೆ. ಅವರು ಸಂತೋಷದಿಂದ ಎಲ್ಲಕ್ಕೂ ಉತ್ತರಿಸಿದರು, ಕೈಸನ್ನೆಯಲ್ಲಿ. ಆ ಸದ್ದಿನಲ್ಲಿ ಅವರು ನಲವತ್ತು ವರ್ಷದಿಂದ ಮಾತಾಡುವುದೇ ಹಾಗೆ. ಹಾಲಿಗೆ ಹಿಂಡಿ ತೋರಿಸಿದರು, ಹುಲಿಗೆ ಪಂಜ ಎತ್ತಿದರು, ಮನೆಗೆ ಎರಡು ಅಂಗೈ ಜೋಡಿಸಿ ಸೂರು ಮಾಡಿದರು.

ಕೊನೆಗೆ ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತ, "ಎಲ್ಲಾ ಬಂತಲ್ರೀ ಫೋನಿನಾಗ?" ಎಂದು ಕೇಳಿದರು. ಬಂದಿತ್ತು. ಒಂದು ತಾಸು ಖಟಕ್ ಖಟಕ್, ನಡುನಡುವೆ ನಾನೊಬ್ಬನೇ ಹುಚ್ಚನ ಹಾಗೆ ಕೂಗುವುದು.

ಬಾಡಗಂಡಿಯ ಸಿದ್ಧಾಂತ

ಬೀಳಗಿ ತಾಲೂಕಿನ ಬಾಡಗಂಡಿಯಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಕಾಯುವವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ ಎಂದು ಒಬ್ಬ ಹಿರಿಯ ರೈತರ ಪಕ್ಕ ಕೂತೆ. ನನ್ನ ಕೆಲಸ ಏನೆಂದು ಅವರೇ ಕೇಳಿದರು. ಪಾಲು ಹಾಲಾದ ಕಥೆ ಹೇಳಿದೆ.

"ಯಾವಾಗ ಆತ್ರೀ ಇದು?"

"ಸುಮಾರು ಸಾವಿರ ವರ್ಷದ ಹಿಂದೆ."

"ಆವಾಗ ಆಗಿ ಹೋಗಿದ್ದಕ್ಕ ಈಗ ಯಾಕ ಓಡ್ಯಾಡಾಕತ್ತೀರಿ? ಕೇಸ್ ಹಾಕಾವ್ರೇನು?"

ಯಾಕೆ ಬದಲಾಯಿತು ಎಂಬುದು ಪಂಡಿತರಿಗೂ ಖಚಿತವಾಗಿ ಗೊತ್ತಿಲ್ಲ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವರು ಒಂದು ಕಬ್ಬು ಮುರಿದು ಬಾಯಿಗಿಟ್ಟುಕೊಂಡು, "ನೋಡ್ರಿ, ಪ ಅನ್ನಾಕ ತುಟಿ ಕೂಡಬೇಕು. ಬಾಯಾಗ ಕಬ್ಬು ಇದ್ರ ಹೆಂಗ ಕೂಡತಾವು? ಹ ಅಂತ ಬರೇ ಉಸುರು ಹೋಗ್ತೈತಿ. ನಮ್ಮ ಹಿರ್ಯಾರು ಕಬ್ಬು ತಿನ್ಕೋತ ಮಾತಾಡ್ಯಾರ, ಅಷ್ಟ" ಎಂದು ಪ್ರಯೋಗವನ್ನೇ ಮಾಡಿ ತೋರಿಸಿದರು. ಸಾಲಿನಲ್ಲಿದ್ದವರೆಲ್ಲ ಕಬ್ಬು ಕಚ್ಚಿ ಪರೀಕ್ಷಿಸಿ ಹೌದೌದು ಎಂದರು. ನಾನು ಪಾಟೀಸವಾಲು ಹಾಕಿ ಹಾಕಿ ಸುಸ್ತಾಗಿ ಬಸ್ಸು ಹತ್ತಿದೆ.

ಆ ವಾರವೇ ಕಾಲೇಜಿನಲ್ಲಿ ಕಿರುಪರೀಕ್ಷೆ. ಒಬ್ಬಳು ವಿದ್ಯಾರ್ಥಿನಿ ಬರೆದಿದ್ದಳು: "ಪಕಾರ ಹಕಾರವಾಗಲು ಕಬ್ಬೇ ಕಾರಣ. ಇದನ್ನು ನಮ್ಮ ಸೋದರಮಾವನವರು ಕಂಡುಹಿಡಿದಿದ್ದು, ನಮ್ಮ ಸರ್ ಸ್ಥಳದಲ್ಲಿಯೇ ಹಾಜರಿದ್ದರು."

ರಾಜಿ

ತಿಂಗಳು ಮುಗಿಯಲು ಮೂರೇ ದಿನ ಉಳಿದಾಗ ತುಬಚಿಗೆ ಹೋದೆ. ಹೊಲದ ಬದುವಿನ ಬೇವಿನ ಮರದ ಕೆಳಗೆ ಒಬ್ಬ ಹಿರಿಯರನ್ನು ಕೂಡಿಸಿ ಫೋನು ಹಚ್ಚಿದ್ದೆನಷ್ಟೇ, ಅವರ ತಮ್ಮ ಸಲಿಕೆ ಹಿಡಿದು ಬಂದ. ತನ್ನ ಪಾಳಿಯ ಕಾಲುವೆ ನೀರನ್ನು ಅಣ್ಣ ತಿರುಗಿಸಿಕೊಂಡಿದ್ದಾನೆಂದು ಜಗಳ ತೆಗೆದ. ಆಹಾ, ಎಂಥ ಜಗಳ! ಅಜ್ಜನ ಕಾಲದಿಂದ ಹಿಡಿದು ತಮ್ಮನ ಹೆಂಡತಿಯ ತವರಿನವರೆಗೆ ಯಾವುದೂ ಉಳಿಯಲಿಲ್ಲ. ನಾನು ಪುಸ್ತಕದಲ್ಲಿ ಮಾತ್ರ ಓದಿದ್ದ ಹಳೆಯ ರೂಪಗಳು ಇಬ್ಬರ ಬಾಯಿಂದಲೂ ದಬದಬ ಉದುರಿದವು. ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ. ಬದುಕಿದೆ ಅಂದುಕೊಂಡೆ.

ಅಷ್ಟರಲ್ಲಿ ಊರ ಹಿರಿಯರು ಬಂದು ಕೂತು ರಾಜಿ ಮಾಡಿಸಿದರು. ಅಲ್ಲಿಯ ಪದ್ಧತಿ ಸರಳ. ಇಬ್ಬರೂ ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸಬೇಕು. ಆಮೇಲೆ ಜಗಳದಲ್ಲಿ ಆಡಿದ ಮಾತನ್ನು ಯಾರೂ ಎತ್ತಬಾರದು. ಸಕ್ಕರೆ ತಿಂದರು. ಆಗ ಹಿರಿಯರೊಬ್ಬರ ಕಣ್ಣು ನನ್ನ ಫೋನಿನ ಮೇಲೆ ಬಿತ್ತು.

"ಮಾತು ಇದ್ರಾಗ ಉಳದ್ರ ರಾಜಿ ಹೆಂಗ ಆದೀತ್ರಿ ಮಾಸ್ತರ? ಅಳಸ್ರಿ."

ಕಾಡಿದೆ, ಬೇಡಿದೆ. ನಡೆಯಲಿಲ್ಲ. ಎಲ್ಲರೆದುರೇ ಅಳಿಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ನೋಡಿದ ಅಣ್ಣತಮ್ಮಂದಿರಿಗೆ ಪಾಪ ಅನ್ನಿಸಿತು. "ಅಳಬ್ಯಾಡ್ರಿ ಮಾಸ್ತರ, ಮತ್ತೊಮ್ಮಿ ಜಗಳಾಡಿ ತೋರಸ್ತೀವಿ. ಹಚ್ಚರಿ ಫೋನು" ಎಂದರು. ಹಚ್ಚಿದೆ.

ತಮ್ಮ ಗಂಟಲು ಸರಿಮಾಡಿಕೊಂಡ: "ಅಣ್ಣಾ, ನನ್ನ ಪಾಳಿ ನೀರು ನೀವು ತಗೊಂಡಂಗ ಕಾಣ್ತೈತ್ರಿ."

"ಹೌದು ತಮ್ಮಾ, ತಪ್ಪಾತು."

"ಇರ್ಲಿ ಬಿಡ್ರಿ."

ಜಗಳ ಮುಗಿಯಿತು. ಇಬ್ಬರೂ ಶಾಬಾಶಿಗಾಗಿ ನನ್ನ ಮುಖ ನೋಡಿದರು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಹೀಗೆಲ್ಲಿ ಅಂದಿದ್ದಿರಿ? ನೀವು ಅವನ ಹೆಂಡತಿಯ ತವರು ಮನೆಯವರನ್ನೆಲ್ಲ ಹಿಡಿದು ಬೈದಿದ್ದಿರಿ! ಅವನು ನಿಮ್ಮನ್ನು ನೀರುಗಳ್ಳ ಅಂದಿದ್ದ!" ಎಂದು ಕಿರುಚಿದೆ.

ಎತ್ತಬಾರದ ಮಾತನ್ನು ನಾನೇ ಎತ್ತಿದ್ದೆ. ಮೊದಲು ಅಣ್ಣ ಎದ್ದ: "ಸಕ್ಕರಿ ತಿಂದ ಬಾಯಿ ಇನ್ನಾ ಆರಿಲ್ಲ, ಮನಿ ಒಡ್ಯಾಕ ಬಂದಿಯೇನಲೇ!" ತಮ್ಮ ಅಣ್ಣನ ಪಕ್ಕಕ್ಕೆ ಬಂದು ನಿಂತ. ಹಿರಿಯರೂ ಸೇರಿಕೊಂಡರು. ಬುತ್ತಿ ತಂದಿದ್ದ ಮುದುಕಿಯೂ ಗಂಟು ಕೆಳಗಿಟ್ಟು ಶುರುಮಾಡಿದಳು. ಮುಕ್ಕಾಲು ತಾಸು ತಲೆ ಬಗ್ಗಿಸಿ ನಿಂತು ಬೈಸಿಕೊಂಡೆ. ಜಮಖಂಡಿ ಮುಟ್ಟಿದ ಮೇಲೆ ಕಿಸೆಯಿಂದ ಫೋನು ತೆಗೆದು ನೋಡಿದರೆ, ಅದು ಇನ್ನೂ ಮುದ್ರಿಸಿಕೊಳ್ಳುತ್ತಲೇ ಇತ್ತು.

ನನ್ನ ಕಿರುಚಾಟದವರೆಗಿನ ಮೊದಲ ಭಾಗ ಕತ್ತರಿಸಿ ಗೈಡ್ ಮುಂದಿಟ್ಟೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಅವರ ಮುಖ ಅಷ್ಟು ಅರಳಿದ್ದನ್ನು ಐದು ವರ್ಷದಲ್ಲಿ ನಾನು ನೋಡಿರಲಿಲ್ಲ.

"ಅದ್ಭುತ! ಒಂದು ಶಬ್ದವೂ ಕೃತಕವಲ್ಲ. ನಿಮ್ಮ ನೋಂದಣಿ ಉಳಿಯಿತು. ಅಂದಹಾಗೆ, ಎಲ್ಲರ ಕೈಲಿ ಬೈಸಿಕೊಳ್ಳುತ್ತಿರುವ ಆ ಬಡಪಾಯಿ ಯಾರು?"

"ನಾನೇ ಸರ್."

"ಒಳ್ಳೆಯದಾಯಿತು" ಎಂದು ಅವರು ಪೆನ್ನು ತೆರೆದು ಪಟ್ಟಿ ಬರೆಯತೊಡಗಿದರು. "ಆದರೆ ಒಂದೇ ಊರು ಹಿಡಿದು ನಿಯಮ ಹೇಳಲು ಬರುವುದಿಲ್ಲ, ಹೋಲಿಸಿ ನೋಡಬೇಕು. ಒಂದು ತಿಂಗಳು ಹೆಚ್ಚಿಗೆ ಕೊಡುತ್ತೇನೆ. ಮುಧೋಳ ಮತ್ತು ಬೀಳಗಿಯಲ್ಲೂ ಹೀಗೇ ಬೈಸಿಕೊಂಡು ಬನ್ನಿ."